ಗಿಡ ಹೂ ಬಿಡುತ್ತೆ, ಗೋಡೆ ಉಪ್ಪು ಬಿಡುತ್ತೆ

ಪ್ರಶ್ನೆ: ಬನಶಂಕರಿಯಲ್ಲಿ 12 ವರ್ಷ ಹಳೆಯ ಫ್ಲಾಟ್ ಒಂದನ್ನು ಕೊಳ್ಳಬೇಕು ಅಂತಿದ್ದೇವೆ. ಅಡ್ವಾನ್ಸ್ ಕೊಡುವ ಮೊದಲು ಒಬ್ಬ ಸಿವಿಲ್ ಎಂಜಿನಿಯರ್‌ಗೆ ಮನೆ ತೋರಿಸಿದೆವು. ಅವರು ಕೊಟ್ಟ ಇಂಗ್ಲಿಷ್ ರಿಪೋರ್ಟಿನಲ್ಲಿ ‘ಎಫ್ಲೊರೆಸೆನ್ಸ್ ಅಬ್ಸರ್ವ್ಡ್ ಆನ್ ಬಾಲ್ಕನಿ ವಾಲ್’ ಅಂತ ಇದೆ. ಫೋನಿನ ಡಿಕ್ಷನರಿಯಲ್ಲಿ ನೋಡಿದರೆ ‘ಹೂ ಬಿಡುವಿಕೆ, ಅರಳುವಿಕೆ’ ಅಂತ ಬಂತು. ಮನೆಮಂದಿಯೆಲ್ಲ ನಕ್ಕೆವು. ಆದರೆ ಒಂಬತ್ತನೇ ಕ್ಲಾಸಿನ ಮಗಳಿಗೆ ಆ ಪದ ಹಿಡಿಸಿಬಿಟ್ಟಿತು. ನಮ್ಮ ರಸ್ತೆಯ ಗುಲಾಬಿ ಬಣ್ಣದ ಮರಗಳ ಬಗ್ಗೆ ಪ್ರಬಂಧ ಬರೆಯುವಾಗ ‘ದಿ ಎಫ್ಲೊರೆಸೆನ್ಸ್ ಆನ್ ಅವರ್ ರೋಡ್ ಮೇಕ್ಸ್ ಮಿ ಹ್ಯಾಪಿ’ ಅಂತ ಬರೆದಳು. ಟೀಚರ್ ಕೆಂಪು ಇಂಕಿನಲ್ಲಿ ಸುತ್ತು ಹಾಕಿ ‘ವರ್ಡ್ ಚಾಯ್ಸ್’ ಎಂದು ಬರೆದಿದ್ದಾರೆ. ಡಿಕ್ಷನರಿಯಲ್ಲಿ ಇರುವ ಅರ್ಥ ತಪ್ಪಾಗುವುದು ಹೇಗೆ? ಗೋಡೆಗೂ ಹೂವಿಗೂ ಏನು ಸಂಬಂಧ? ಗೋಡೆ ಮೇಲಿರುವುದು ಬೂಷ್ಟು ಅಂತ ನನ್ನ ಹೆಂಡತಿ ಹೇಳುತ್ತಾಳೆ, ಅದು ಸರಿಯಾ? ಮರಕ್ಕಾದರೆ ಫ್ಲವರ್, ಬ್ಲೂಮ್, ಬ್ಲಾಸಮ್, ಇವುಗಳಲ್ಲಿ ಯಾವುದು?

ಉತ್ತರ: ನೀವು ನಕ್ಕಿದ್ದು ಓದಿ ನನಗೂ ನಗು ಬಂತು, ಆದರೆ ಸ್ವಲ್ಪ ಹುಳಿ ನಗು. ಇದೇ ಪದ ನನ್ನನ್ನೂ ಒಂದು ಸಲ ಬೀಳಿಸಿದೆ.

ಆಗ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಸಂಜೆ ಹೊತ್ತು ಅನುವಾದದ ಕೆಲಸ. ಕಟ್ಟಡ ಕಟ್ಟುವವರೊಬ್ಬರು ತಮ್ಮ ಸೈಟಿನ ಕೆಲಸಗಾರರಿಗೆ ಅಂತ ಒಂದು ಸಣ್ಣ ಕೈಪಿಡಿಯನ್ನು ಕನ್ನಡಕ್ಕೆ ಮಾಡಿಸಿದರು. ಅದರಲ್ಲಿ ಈ ಪದ ಬಂತು. ನಿಘಂಟು ತೆಗೆದೆ, ಮೊದಲು ಸಿಕ್ಕ ಅರ್ಥ ಹಾಕಿದೆ. ‘ಇಟ್ಟಿಗೆಯ ಮೇಲೆ ಹೂಗಳು ಕಂಡುಬಂದಲ್ಲಿ ಒಣ ಬ್ರಷ್‌ನಿಂದ ತೆಗೆಯಿರಿ’ ಅಂತ ಬರೆದು ಕೊಟ್ಟೆ. ಒಂದು ವಾರದ ನಂತರ ಸೈಟಿಗೆ ಹೋದಾಗ ಮೇಸ್ತ್ರಿ ಆ ಪುಟ ಹಿಡಿದುಕೊಂಡು ಬಂದರು. ‘ಸಾರ್, ಇಟ್ಟಿಗೆ ಮೇಲೆ ಹೂವಾ? ಯಾರಾದ್ರೂ ಪೂಜೆ ಮಾಡಿರ್ತಾರಾ?’

ಮೂಲದಲ್ಲಿ ಏನಿದೆ ಅಂತ ನಾನು ಓದಿ ಹೇಳಿದೆ. ಅವರಿಗೆ ಪದ ಗೊತ್ತಿರಲಿಲ್ಲ, ವಿಷಯ ಗೊತ್ತಿತ್ತು. ಕಾಂಪೌಂಡ್ ಗೋಡೆ ಹತ್ತಿರ ಕರೆದುಕೊಂಡು ಹೋದರು. ನೆಲದಿಂದ ಒಂದಡಿ ಎತ್ತರದವರೆಗೆ ಇಟ್ಟಿಗೆ ಬಿಳಿಚಿಕೊಂಡಿತ್ತು. ಹತ್ತಿರದಿಂದ ನೋಡಿದರೆ ಹತ್ತಿಯ ಎಳೆಯಂಥ ಸಣ್ಣ ಸಣ್ಣ ಬಿಳಿ ಕೂದಲು. ಅವರು ಉಗುರಿನಿಂದ ಕೆರೆದರು. ಪುಡಿ ಅಂಗೈಗೆ ಉದುರಿತು. ಪಕ್ಕದ ಡ್ರಮ್ಮಿನಿಂದ ನಾಲ್ಕು ಹನಿ ನೀರು ಹಾಕಿ ಬೆರಳಲ್ಲಿ ತಿಕ್ಕಿದರು. ಪುಡಿ ಮಾಯ. ‘ಇದಾ? ಗೋಡೆ ಉಪ್ಪು ಬಿಟ್ಟೈತೆ, ಅಷ್ಟೇಯ.’

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇದೇ. ಎಂಜಿನಿಯರ್ ಬಾಯಲ್ಲಿ ಎಫ್ಲೊರೆಸೆನ್ಸ್ ಅಂದರೆ ಗೋಡೆ ಉಪ್ಪು ಬಿಟ್ಟಿದೆ ಅಂತ. ಹೂವಲ್ಲ, ಬೂಷ್ಟೂ ಅಲ್ಲ.

ಆದರೆ ಮೇಸ್ತ್ರಿಯ ಆ ಮಾತಿನಲ್ಲಿ ಇನ್ನೊಂದು ವಿಷಯ ಇದೆ. ಅದು ನನಗೆ ಹೊಳೆದದ್ದು ಬಸ್ಸಿನಲ್ಲಿ ವಾಪಸ್ ಬರುವಾಗ. ಗಿಡ ಹೂ ‘ಬಿಡುತ್ತೆ’. ಗೋಡೆ ಉಪ್ಪು ‘ಬಿಡುತ್ತೆ’. ಎರಡಕ್ಕೂ ನಾವು ಹಾಕಿದ ಕ್ರಿಯಾಪದ ಒಂದೇ! ಅಷ್ಟೇ ಅಲ್ಲ, ಮರ ಕಾಯಿ ಬಿಡುತ್ತೆ, ಗಿಡ ಬೇರು ಬಿಡುತ್ತೆ, ಹೊಸ ಸೀರೆ ಬಣ್ಣ ಬಿಡುತ್ತೆ, ಉಪ್ಪು ಸವರಿದ ಸೌತೆಕಾಯಿ ನೀರು ಬಿಡುತ್ತೆ, ಹುರಿದ ಮಸಾಲೆ ಎಣ್ಣೆ ಬಿಡುತ್ತೆ. ಒಳಗೆ ಇದ್ದದ್ದು ತಾನಾಗಿ ಹೊರಗೆ ಬಂದು ಕಾಣಿಸಿಕೊಂಡರೆ ಅದು ‘ಬಿಡುವುದು’. ಲ್ಯಾಟಿನ್‌ನವರು ಮಾಡಿದ್ದೂ ಇದೇ ಕೆಲಸ. ಆದರೆ ಅವರು ಹಿಡಿದದ್ದು ಕ್ರಿಯಾಪದದ ತುದಿಯನ್ನಲ್ಲ, ಹೂವಿನ ತುದಿಯನ್ನು.

ಪದವನ್ನು ಬಿಡಿಸಿ ನೋಡಿ. ಲ್ಯಾಟಿನ್‌ನಲ್ಲಿ ‘ಫ್ಲೋಸ್’ ಅಂದರೆ ಹೂ. ಫ್ಲೋರಾ, ಫ್ಲೋರಲ್, ಫ್ಲೋರಿಸ್ಟ್ ಎಲ್ಲ ಅದೇ ಬೇರಿನವು. ಚೆನ್ನಾಗಿ ಬೆಳೆಯುವುದಕ್ಕೆ ಹೇಳುವ ‘ಫ್ಲರಿಶ್’ ಕೂಡ. ಅಷ್ಟೇ ಯಾಕೆ, ಇಂಗ್ಲಿಷ್‌ನ ‘ಫ್ಲವರ್’ ಕೂಡ ಹಳೆಯ ಫ್ರೆಂಚ್ ದಾರಿಯಲ್ಲಿ ಅಲ್ಲಿಂದಲೇ ಬಂದದ್ದು. ಮುಂದಿರುವ ‘ಎ’ ಮೂಲದಲ್ಲಿ ‘ಎಕ್ಸ್’, ಅಂದರೆ ಹೊರಗೆ. ಕೊನೆಯ ‘ಎಸೆನ್ಸ್’ ಅಂದರೆ ಒಂದು ಕೆಲಸ ಶುರುವಾಗಿದೆ, ನಡೆಯುತ್ತಿದೆ ಅಂತ. ಬೆಳೆಯುತ್ತಿರುವ ವಯಸ್ಸು ಅಡೊಲೆಸೆನ್ಸ್, ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವುದು ಕಾನ್ವಲೆಸೆನ್ಸ್. ಹಾಗೆ ಎಫ್ಲೊರೆಸೆನ್ಸ್ ಅಂದರೆ ‘ಹೂವಾಗಿ ಹೊರಬರತೊಡಗುವುದು’. ಒತ್ತು ‘ರೆ’ ಮೇಲೆ ಬೀಳುತ್ತದೆ: ಎಫ್-ಲೊ-ರೆ-ಸನ್ಸ್.

ಇಂಗ್ಲಿಷ್‌ಗೆ ಬಂದಮೇಲೆ ಈ ಪದ ನಾಲ್ಕು ಮನೆಗಳಲ್ಲಿ ವಾಸ ಮಾಡಿತು. ಸಸ್ಯಶಾಸ್ತ್ರದಲ್ಲಿ ಹೂ ಬಿಡುವುದು. ವೈದ್ಯರ ಬಳಿ ಚರ್ಮದ ಮೇಲೆ ಏಳುವ ದದ್ದು. ರಸಾಯನಶಾಸ್ತ್ರದಲ್ಲಿ ಹರಳು ತನ್ನೊಳಗಿನ ನೀರು ಕಳೆದುಕೊಂಡು ಪುಡಿಯಾಗುವುದು. ಕಟ್ಟಡದವರ ಬಳಿ ಗೋಡೆ ಉಪ್ಪು ಬಿಡುವುದು. ಜೊತೆಗೆ ಸಾಹಿತ್ಯದವರು ಕಲೆ, ಕಾವ್ಯ ಉತ್ತುಂಗಕ್ಕೆ ಏರಿದ ಕಾಲಕ್ಕೂ ಬಳಸುತ್ತಾರೆ. ಇವತ್ತು ಮೊದಲ ಮನೆಯಲ್ಲಿ ಹೆಚ್ಚು ಓಡಾಟವಿಲ್ಲ, ದೀಪ ಮಾತ್ರ ಉರಿಯುತ್ತಿದೆ. ನಾಲ್ಕನೆಯ ಮನೆಯಲ್ಲಿ ದಿನವೂ ಜನ.

ನಿಮ್ಮ ಫೋನಿನ ಡಿಕ್ಷನರಿ ಸುಳ್ಳು ಹೇಳಲಿಲ್ಲ. ಆದರೆ ಅದು ಮೊದಲ ಮನೆಯ ವಿಳಾಸ ಮಾತ್ರ ಕೊಟ್ಟಿತು. ಮೊದಲು ಬರೆದ ಅರ್ಥವೇ ‘ನಿಜವಾದ’ ಅರ್ಥ, ಉಳಿದವು ಸುಮ್ನೆ ಅಂಟಿಕೊಂಡವು ಅಂತ ತುಂಬಾ ಜನ ನಂಬಿದ್ದಾರೆ. ನನ್ನ ವಿದ್ಯಾರ್ಥಿಗಳಲ್ಲಿ ಹತ್ತಕ್ಕೆ ಎಂಟು ಮಂದಿ ಹಾಗೇ ಓದುತ್ತಿದ್ದರು. ಕೆಲವು ನಿಘಂಟುಗಳು ಹಳೆಯ ಅರ್ಥವನ್ನು ಮೊದಲು ಕೊಡುತ್ತವೆ, ಕೆಲವು ಹೆಚ್ಚು ಬಳಕೆಯಲ್ಲಿರುವುದನ್ನು ಮೊದಲು ಕೊಡುತ್ತವೆ. ಅರ್ಥದ ಮುಂದೆ ‘ರಸಾಯನ’, ‘ವೈದ್ಯ’, ‘ಸಸ್ಯ’ ಅಂತ ಸಣ್ಣ ಗುರುತು ಇರುತ್ತದಲ್ಲ, ಅದನ್ನು ಯಾರೂ ಓದುವುದಿಲ್ಲ. ನಾನೂ ಓದಿರಲಿಲ್ಲ. ಅದಕ್ಕೇ ಇಟ್ಟಿಗೆಗೆ ಹೂ ಮುಡಿಸಿದೆ.

ಗೋಡೆಗೆ ಹೂವಿನ ಹೆಸರು ಯಾಕೆ ಅಂತ ನಿಮಗೆ ವಿಚಿತ್ರ ಅನಿಸಿದೆ. ನಮ್ಮಲ್ಲೂ ಇದು ಇದೆ, ನೋಡಿ. ವಯಸ್ಸಾದವರು ‘ಕಣ್ಣಿಗೆ ಹೂ ಬಿದ್ದಿದೆ’ ಅನ್ನುತ್ತಾರೆ. ಕಣ್ಣಿನ ಕಪ್ಪು ಭಾಗದ ಮೇಲೆ ಬಿಳಿ ಮಚ್ಚೆ ಬಂದರೆ ಹಾಗೆ ಹೇಳುವುದು. ಯಾರೂ ಪರಿಮಳ ಹುಡುಕುವುದಿಲ್ಲ. ದೇವರಿಗೆ ಒಡೆದ ತೆಂಗಿನಕಾಯಿಯೊಳಗೆ ‘ಹೂ’ ಬಂದರೆ ಶುಭ ಅಂತೇವೆ. ಅದು ಹೂವೇ ಅಲ್ಲ, ಮೊಳಕೆ ಒಡೆದ ಕಾಯಿಯೊಳಗಿನ ಸ್ಪಂಜಿನಂಥ ಭಾಗ. ಈಗ ಅದನ್ನು ಬೆಂಗಳೂರಿನ ರಸ್ತೆ ಬದಿಯಲ್ಲಿ ತಳ್ಳುಗಾಡಿಯಲ್ಲಿಟ್ಟು ತೆಂಗಿನ ಹೂ ಅಂತಲೇ ಮಾರುತ್ತಾರೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಅದು ‘ಅರಳುತ್ತೆ’, ಆಮೇಲೆ ಅದರ ಹೆಸರೇ ಅರಳಿದ ಸುಣ್ಣ. ಭತ್ತ ಹುರಿದರೆ ಅರಳು. ಬೆಳ್ಳಗೆ, ಹಗುರವಾಗಿ, ಒಳಗಿಂದ ಉಬ್ಬಿ ಬಂದದ್ದೆಲ್ಲ ನಮ್ಮ ಕಣ್ಣಿಗೆ ಹೂವೇ.

ಇನ್ನು ಗೋಡೆಯ ವಿಚಾರ. ಗೋಡೆ ರಿಪೇರಿ ನನ್ನ ಕಸುಬಲ್ಲ. ಆದರೆ ಹದಿನೈದು ವರ್ಷ ಕಟ್ಟಡದವರ ಕಾಗದ ಅನುವಾದ ಮಾಡಿದ್ದರಿಂದ ಪದ ಎಲ್ಲಿ ಏನು ಹೇಳುತ್ತದೆ ಅನ್ನುವಷ್ಟು ಗೊತ್ತು.

ಇಟ್ಟಿಗೆಯ ಮಣ್ಣು, ಸಿಮೆಂಟು, ಮರಳು, ಬೋರ್‌ವೆಲ್ ನೀರು, ಇವುಗಳಲ್ಲಿ ಕರಗುವ ಉಪ್ಪುಗಳು ಇರುತ್ತವೆ. ಅಡುಗೆ ಉಪ್ಪೇ ಆಗಬೇಕಿಲ್ಲ. ಸೋಡಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂಗಳ ಸಲ್ಫೇಟು, ಕಾರ್ಬೊನೇಟು ಥರದವು. ಗೋಡೆಯೊಳಗೆ ನೀರು ಇಳಿದರೆ ಅವು ಕರಗುತ್ತವೆ. ನೀರು ಮೇಲ್ಮೈಗೆ ಬಂದು ಆರಿದಾಗ ಉಪ್ಪು ಅಲ್ಲೇ ಕೂರುತ್ತದೆ. ಮಳೆಗಾಲ ಮುಗಿದು ಗಾಳಿ ಒಣಗಿದಾಗ ಇದು ಎದ್ದು ಕಾಣುವುದು ಅದಕ್ಕೇ. ಉಪ್ಪು, ನೀರು, ನೀರು ಹೊರಗೆ ಬರುವ ದಾರಿ, ಮೂರೂ ಇದ್ದರೆ ಮಾತ್ರ ಗೋಡೆ ‘ಹೂ ಬಿಡುತ್ತೆ’.

ಇಟ್ಟಿಗೆಗೆ ನಮ್ಮ ದೇಶದಲ್ಲಿ ಇದಕ್ಕಾಗಿಯೇ ಒಂದು ಪರೀಕ್ಷೆ ಇದೆ. ಭಾರತೀಯ ಮಾನಕ ಐಎಸ್ 3495ರ ಮೂರನೇ ಭಾಗ. ಒಂದು ತಟ್ಟೆಯಲ್ಲಿ 25 ಮಿಲಿಮೀಟರ್ ನೀರು ಹಾಕಿ ಇಟ್ಟಿಗೆಯನ್ನು ಅದರಲ್ಲಿ ನಿಲ್ಲಿಸುತ್ತಾರೆ. ಇಟ್ಟಿಗೆ ನೀರು ಕುಡಿದು ಆರುತ್ತದೆ. ಮತ್ತೆ ಅಷ್ಟೇ ನೀರು ಹಾಕಿ ಆರಿಸುತ್ತಾರೆ. ಎರಡನೇ ಸಲ ಆರಿದ ಮೇಲೆ ಎಷ್ಟು ಬಿಳಿ ಬಂದಿದೆ ಅಂತ ನೋಡಿ ನಿಲ್, ಸ್ಲೈಟ್, ಮಾಡರೇಟ್, ಹೆವಿ, ಸೀರಿಯಸ್ ಅಂತ ಐದು ದರ್ಜೆ ಕೊಡುತ್ತಾರೆ. ಮೇಲ್ಮೈಯಲ್ಲಿ 10 ಶೇಕಡಾ ಮೀರದಿದ್ದರೆ ಸ್ಲೈಟ್, 50 ಶೇಕಡಾವರೆಗೆ ಮಾಡರೇಟ್. ಅದಕ್ಕೂ ಜಾಸ್ತಿ ಆದರೆ ಹೆವಿ. ಹೆವಿಯ ಜೊತೆಗೆ ಇಟ್ಟಿಗೆಯ ಮೈ ಪುಡಿಯಾಗಿ ಉದುರಿದರೆ ಸೀರಿಯಸ್. ಈ ಐದು ಪದ ನೆನಪಿಟ್ಟುಕೊಳ್ಳಿ, ಕೊನೆಗೆ ಕೆಲಸಕ್ಕೆ ಬರುತ್ತವೆ.

ನಿಮ್ಮ ಮನೆಯವರ ಬೂಷ್ಟಿನ ಅನುಮಾನ ಸಹಜವೇ. ದೂರದಿಂದ ಎರಡೂ ಒಂದೇ ಥರ. ಬೂಷ್ಟು ಜೀವ ಇರುವ ಶಿಲೀಂಧ್ರ. ಕಪ್ಪು, ಹಸಿರು, ಬೂದು ಬಣ್ಣಕ್ಕೆ ತಿರುಗುತ್ತೆ, ಮುಗ್ಗಲು ವಾಸನೆ ಬರುತ್ತೆ, ನೀರು ಹಾಕಿದರೆ ಕರಗುವುದಿಲ್ಲ. ಉಪ್ಪಿಗೆ ವಾಸನೆ ಇಲ್ಲ, ಬೆರಳಿಗೆ ತರಿತರಿ ಸಿಗುತ್ತೆ, ಹೆಚ್ಚಿನ ಸಲ ನೀರಿಗೆ ಕರಗಿಹೋಗುತ್ತೆ. ಸ್ಪ್ರೇ ಬಾಟಲಿಯಿಂದ ಒಂದು ಕಡೆ ನೀರು ಹೊಡೆದು ನೋಡಿ. ಹಾಗಂತ ‘ಬರೀ ಉಪ್ಪು’ ಅಂತ ಬಿಟ್ಟುಬಿಡುವುದೂ ಬೇಡ. ಎರಡಕ್ಕೂ ತಾಯಿ ಒಂದೇ: ತೇವ. ಉಪ್ಪು ಬಂದಲ್ಲಿ ಬೂಷ್ಟೂ ಬರಬಹುದು. ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕದೆ ಮೇಲೆ ಬಣ್ಣ ಬಳಿದರೆ ಆ ಬಣ್ಣ ಗುಳ್ಳೆ ಎದ್ದು ಕಿತ್ತು ಬರುತ್ತೆ. ಹಳೆಯ ಫ್ಲಾಟ್ ಮಾರುವವರು ಹೊಸ ಪೇಂಟ್ ಮಾಡಿಸಿರುತ್ತಾರಲ್ಲ, ಅದರ ಹಿಂದೆ ಏನಿದೆ ಅಂತ ನೋಡಬೇಕಾದ್ದು ಅದಕ್ಕೇ.

ಗೋಡೆ ಇಲ್ಲಿಗೆ ಸಾಕು. ಮಗಳ ವಾಕ್ಯಕ್ಕೆ ಬರೋಣ. ನನಗೆ ಅಕ್ಕರೆ ಇರುವುದು ಅಲ್ಲಿ.

ಅವಳು ಮಾಡಿದ್ದು ವ್ಯಾಕರಣದ ತಪ್ಪಲ್ಲ. ಟೀಚರ್ ಕೂಡ ‘ರಾಂಗ್’ ಅಂತ ಬರೆದಿಲ್ಲ, ‘ವರ್ಡ್ ಚಾಯ್ಸ್’ ಅಂತ ಬರೆದಿದ್ದಾರೆ. ಆ ವ್ಯತ್ಯಾಸ ಮಗಳಿಗೆ ಹೇಳಿ. ಎಫ್ಲೊರೆಸೆನ್ಸ್ ಅನ್ನುವುದಕ್ಕೆ ಹೂ ಬಿಡುವುದು ಅನ್ನುವ ಅರ್ಥ ಇದ್ದೇ ಇದೆ. ಆದರೆ ಹದಿನಾಲ್ಕು ವರ್ಷದ ಹುಡುಗಿ ಸ್ಕೂಲಿಗೆ ಹೋಗುವ ದಾರಿಯ ಮರದ ಬಗ್ಗೆ ಆ ಪದ ಹಾಕುವುದು ಅಂದರೆ, ಗಾಂಧಿ ಬಜಾರಿನಲ್ಲಿ ಹೂವಿನವರ ಮುಂದೆ ನಿಂತು ‘ಅಮ್ಮಾ, ಎರಡು ಮೊಳ ಕುಸುಮ ಕೊಡಿ’ ಅಂದಹಾಗೆ. ಕುಸುಮ ತಪ್ಪು ಪದವಾ? ಅಲ್ಲ. ಆಯಮ್ಮ ಕೊಡ್ತಾರಾ? ಕೊಡ್ತಾರೆ, ನಕ್ಕು.

ಇನ್ನೊಂದು ಸೂಕ್ಷ್ಮ ಇದೆ. ಅವಳು ಬರೆದದ್ದು ‘ಎಫ್ಲೊರೆಸೆನ್ಸ್ ಆನ್ ಅವರ್ ರೋಡ್’. ಈ ಪದದ ಮುಂದೆ ‘ಆನ್’ ಬಂದರೆ ಓದುವವರ ತಲೆಗೆ ಮೊದಲು ಬರುವುದು ಯಾವುದೋ ಮೇಲ್ಮೈಗೆ ಅಂಟಿದ ಪುಡಿ. ಗೋಡೆಯ ಮೇಲೆ, ಇಟ್ಟಿಗೆಯ ಮೇಲೆ. ‘ಆಫ್’ ಬಂದರೆ ಅರಳುವ ಅರ್ಥ, ಕಾವ್ಯದ್ದೋ ಕಲೆಯದ್ದೋ. ಹಾಗಾಗಿ ಅವಳ ವಾಕ್ಯ ಓದಿದರೆ ರಸ್ತೆಗೆ ಉಪ್ಪು ಹಿಡಿದಿದೆ, ಅದನ್ನು ನೋಡಿ ಅವಳಿಗೆ ಖುಷಿ! ಟೀಚರ್ ಕೆಂಪು ಸುತ್ತು ಹಾಕಿದ್ದರಲ್ಲಿ ಆಶ್ಚರ್ಯವಿಲ್ಲ. ಪದದ ಅರ್ಥ ಕಲಿಯುವಾಗ ಅದರ ಪಕ್ಕದಲ್ಲಿ ಕೂರುವ ಪುಟ್ಟ ಪದವನ್ನೂ ಕಲಿಯಬೇಕು. ಇಂಗ್ಲಿಷ್‌ನಲ್ಲಿ ನಮ್ಮವರು ಎಡವುವುದು ದೊಡ್ಡ ಪದದಲ್ಲಿ ಕಡಿಮೆ, ಈ ಪುಟ್ಟದರಲ್ಲಿ ಜಾಸ್ತಿ.

ಹಾಗಾದರೆ ಮರಕ್ಕೆ ಯಾವ ಪದ?

ಫ್ಲವರ್ ಎಲ್ಲಕ್ಕೂ ನಡೆಯುತ್ತೆ. ಅದು ಕ್ರಿಯಾಪದವೂ ಹೌದು ಅನ್ನುವುದನ್ನು ನಾವು ಮರೆಯುತ್ತೇವೆ. ‘ದಿ ಪ್ಲಾಂಟ್ ಗಿವ್ಸ್ ಫ್ಲವರ್ಸ್’ ಅಂತ ಬರೆಯುತ್ತೇವೆ, ‘ದಿ ಪ್ಲಾಂಟ್ ಫ್ಲವರ್ಸ್ ಇನ್ ಮಾರ್ಚ್’ ಅಂದರೆ ಸಾಕು. ನನ್ನ ಒಬ್ಬ ವಿದ್ಯಾರ್ಥಿ ಒಮ್ಮೆ ‘ದಿ ಟ್ರೀ ಹ್ಯಾಸ್ ಲೆಫ್ಟ್ ಫ್ಲವರ್ಸ್’ ಅಂತ ಬರೆದಿದ್ದ. ಹೂ ‘ಬಿಟ್ಟಿದೆ’ ಅಲ್ವಾ! ಆ ಪೇಪರಿಗೆ ಅಂಕ ಕಳೆಯಲು ನನಗೆ ಮನಸ್ಸೇ ಬರಲಿಲ್ಲ. ಕಳೆದೆ, ಅದು ಬೇರೆ ಮಾತು. ಫ್ಲವರ್‌ನಲ್ಲಿ ಅಪಾಯ ಇಲ್ಲ, ಆದರೆ ಬಣ್ಣವೂ ಕಡಿಮೆ. ಬಾಟನಿ ಪುಸ್ತಕದ ದನಿ ಬರುತ್ತೆ.

ಬ್ಲಾಸಮ್ ಮುಖ್ಯವಾಗಿ ಮರದ ಹೂವು, ಅದರಲ್ಲೂ ಮುಂದೆ ಹಣ್ಣಾಗುವ ಮರದ್ದು. ಸೇಬು, ಕಿತ್ತಳೆ, ಚೆರಿ, ನಮ್ಮ ಮಾವು. ನಮ್ಮ ಪೀಳಿಗೆಯವರಿಗೆ ‘ಚೆರಿ ಬ್ಲಾಸಮ್’ ಅಂದರೆ ಮೊದಲು ನೆನಪಾಗುವುದು ಶೂ ಪಾಲಿಶ್ ಡಬ್ಬಿ, ಸೋಮವಾರ ಬೆಳಗ್ಗೆ ಅದರ ಮುಚ್ಚಳ ತೆಗೆದಾಗಿನ ವಾಸನೆ. ಅದು ಹೂವಿನ ಹೆಸರು ಅಂತ ನನಗೆ ಗೊತ್ತಾಗಿದ್ದು ಪಿಯುಸಿಯಲ್ಲಿ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದವರ ಬಾಯಲ್ಲಿ ಈ ಪದ ದಿನಬಳಕೆಯದು. ಮಾರ್ಚ್-ಏಪ್ರಿಲ್‌ನಲ್ಲಿ ಬೀಳುವ ಮಳೆಗೆ ಅವರು ಬ್ಲಾಸಮ್ ಶವರ್ ಅನ್ನುತ್ತಾರೆ, ಕನ್ನಡದಲ್ಲಿ ಹೂಮಳೆ. ಆ ಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತೆ, ಮಲ್ಲಿಗೆಯಂಥ ಪರಿಮಳ. ಅಲ್ಲಿ ಬ್ಲೂಮ್ ಶವರ್ ಅಂತ ಯಾರೂ ಹೇಳುವುದಿಲ್ಲ. ಅವರಿಗೆ ಆ ಹೂವಿನಲ್ಲಿ ಕಾಣುವುದು ಮುಂದಿನ ಬೆಳೆ. ಬ್ಲಾಸಮ್‌ನ ಒಳಗೆ ಆ ‘ಮುಂದೆ ಏನೋ ಇದೆ’ ಅನ್ನುವ ನಿರೀಕ್ಷೆ ಯಾವಾಗಲೂ ಇರುತ್ತದೆ. ಸಂಕೋಚದ ಹುಡುಗಿ ಒಳ್ಳೆಯ ಹಾಡುಗಾರ್ತಿಯಾದರೆ ‘ಬ್ಲಾಸಮ್ಡ್ ಇನ್‌ಟು ಎ ಸಿಂಗರ್’ ಅನ್ನುವುದು ಅದಕ್ಕೇ.

ಬ್ಲೂಮ್‌ನಲ್ಲಿ ನಿರೀಕ್ಷೆಗಿಂತ ಈಗಿನ ಸೊಬಗು ಮುಖ್ಯ. ನೋಡಲೆಂದೇ ಬೆಳೆಸಿದ ಹೂವಿಗೆ ಅದು ಹೆಚ್ಚು ಒಪ್ಪುತ್ತೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಗುಲಾಬಿಗೆ ಬ್ಲೂಮ್ಸ್ ಅನ್ನಬಹುದು, ಬ್ಲಾಸಮ್ಸ್ ಅಂದರೆ ಸ್ವಲ್ಪ ಕಿವಿಗೆ ತಾಗುತ್ತೆ. ಗಿಡ ಪೂರ್ತಿ ಅರಳಿ ನಿಂತಿದ್ದರೆ ‘ಇನ್ ಫುಲ್ ಬ್ಲೂಮ್’. ತಡವಾಗಿ ಮಿಂಚುವ ಮಕ್ಕಳಿಗೆ ‘ಲೇಟ್ ಬ್ಲೂಮರ್’ ಅನ್ನುವ ಒಳ್ಳೆ ಮಾತಿದೆ. ಪೇರೆಂಟ್ಸ್ ಮೀಟಿಂಗಿನಲ್ಲಿ ನಾನು ಅದನ್ನು ಬೇಕಾದಷ್ಟು ಸಲ ಬಳಸಿದ್ದೇನೆ.

ಬ್ಲೂಮ್‌ಗೂ ಒಂದು ‘ಗೋಡೆ’ ಇದೆ ಅಂದರೆ ನಂಬ್ತೀರಾ? ಬೆಂಗಳೂರು ಬ್ಲೂ ದ್ರಾಕ್ಷಿ ತಗೊಳ್ಳಿ, ನಮ್ಮ ಸುತ್ತಮುತ್ತಲೇ ಬೆಳೆಯುವ ಆ ಕಪ್ಪು-ನೀಲಿ ದ್ರಾಕ್ಷಿ. ಕಾಯಿಯ ಮೇಲೆ ತೆಳ್ಳಗೆ ಬೂದಿಯಂಥ ಪದರ ಇರುತ್ತೆ. ಬೆರಳಲ್ಲಿ ಒತ್ತಿ ತೆಗೆದರೆ ನಿಮ್ಮ ಹೆಬ್ಬೆಟ್ಟಿನ ಗುರುತು ಕಪ್ಪಗೆ ಹೊಳೆಯುತ್ತೆ. ಔಷಧಿ ಹೊಡೆದಿದ್ದಾರೆ ಅಂತ ಅನೇಕರು ಅದನ್ನು ಉಜ್ಜಿ ಉಜ್ಜಿ ತೊಳೆಯುತ್ತಾರೆ. ಅದು ಹಣ್ಣೇ ಬಿಟ್ಟ ಮೇಣ, ಇಂಗ್ಲಿಷ್‌ನಲ್ಲಿ ಅದರ ಹೆಸರು ಬ್ಲೂಮ್. (ತೊಳೆಯುವುದು ಬಿಡಬೇಡಿ, ಔಷಧಿಯೂ ಇರಬಹುದು.) ಬೇಸಿಗೆಯಲ್ಲಿ ಕರಗಿ ಮತ್ತೆ ಗಟ್ಟಿಯಾದ ಚಾಕೊಲೇಟ್ ಮೇಲಿನ ಬಿಳಿ ಮಂಕು ಕೂಡ ಬ್ಲೂಮ್, ಒಳಗಿನ ಕೊಬ್ಬು ಮೇಲೆ ಬಂದದ್ದು. ಕೆರೆಯ ನೀರು ಪಾಚಿಯಿಂದ ಹಸಿರಾದರೆ ಆಲ್ಗಲ್ ಬ್ಲೂಮ್, ಅಲ್ಲಿ ಅರಳಿದ್ದು ಯಾವುದೂ ಚೆಂದವಲ್ಲ. ಎಫ್ಲೊರೆಸೆನ್ಸ್ ಒಂದೇ ಅಲ್ಲ, ಇಂಗ್ಲಿಷ್‌ನ ಹೂವಿನ ಪದಗಳು ಇಂಥ ಕಡೆ ಆಗಾಗ ಕಾಲಿಡುತ್ತವೆ. ರೊಟ್ಟಿ ಮಾಡುವ ಹಿಟ್ಟಿಗೆ ಇಂಗ್ಲಿಷ್‌ನಲ್ಲಿ ‘ಫ್ಲೌರ್’ ಅನ್ನುತ್ತೇವಲ್ಲ, ಅದೂ ಮೂಲದಲ್ಲಿ ಫ್ಲವರ್ ಪದವೇ. ಬೀಸಿದ್ದರಲ್ಲಿ ಅತಿ ನುಣುಪಾದ ಭಾಗ, ಅಂದರೆ ಧಾನ್ಯದ ಹೂವು.

ನಮ್ಮ ಊರಿನ ಮಟ್ಟಿಗೆ ಇನ್ನೊಂದು ಮಾತು. ಬೆಂಗಳೂರಿನಲ್ಲಿ ವರ್ಷವಿಡೀ ಯಾವುದಾದರೊಂದು ಮರ ಹೂವಿನಲ್ಲಿರುತ್ತದಲ್ಲ, ಟಬೆಬುಯಾ (ನಿಮ್ಮ ರಸ್ತೆಯ ಗುಲಾಬಿ ಮರ ಬಹುಶಃ ಇದೇ) ಮುಗಿಯುವಾಗ ಜಕರಂಡ, ಹೊಂಗೆ, ಆಮೇಲೆ ಗುಲ್‌ಮೊಹರ್, ಹಾಗೆ ಸರದಿಯಲ್ಲಿ ಮರ ನೆಡುವ ಕ್ರಮಕ್ಕೆ ‘ಸೀರಿಯಲ್ ಬ್ಲಾಸಮಿಂಗ್’ ಅನ್ನುತ್ತಾರೆ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅವರ ಹೆಸರಿನ ಜೊತೆ ಆ ಮಾತು ಅಂಟಿಕೊಂಡಿದೆ. ಮಗಳಿಗೆ ತಿನ್ನುವ ಹಣ್ಣಿಲ್ಲದ, ಚೆಂದಕ್ಕೆ ನೆಟ್ಟ ಮರಕ್ಕೂ ಇಲ್ಲಿ ಬ್ಲಾಸಮ್ ಯಾಕೆ ಅಂತ ಅನುಮಾನ ಬಂದರೆ ಹೇಳಿ: ಮೈತುಂಬಾ ಹೂ ಹೊತ್ತ ಮರ ಯಾವುದೇ ಇರಲಿ, ಬ್ಲಾಸಮ್ ಅಂದರೆ ಯಾರೂ ತಪ್ಪು ಹಿಡಿಯುವುದಿಲ್ಲ. ನಾನು ಹೇಳಿದ್ದು ಒಲವು, ಕಾನೂನಲ್ಲ.

ಈ ಪದದ ನೆರೆಹೊರೆಯವರಿಂದ ಸ್ವಲ್ಪ ಹುಷಾರಾಗಿರಬೇಕು. ಫ್ಲೋರೆಸೆಂಟ್ ಟ್ಯೂಬ್‌ಲೈಟ್‌ಗೂ ಹೂವಿಗೂ ಸಂಬಂಧ ಇಲ್ಲ. ಅದು ಫ್ಲೋರ್‌ಸ್ಪಾರ್ ಅನ್ನುವ ಖನಿಜದ ಹೆಸರಿನಿಂದ ಬಂದದ್ದು, ಆ ಹೆಸರಿನ ಬೇರು ಲ್ಯಾಟಿನ್‌ನ ‘ಫ್ಲುಯೆರೆ’, ಅಂದರೆ ಹರಿಯುವುದು. ಬೆಳಕಿನ ಆ ಗುಣಕ್ಕೆ ಹೆಸರಿಟ್ಟವರು ಸ್ಟೋಕ್ಸ್ ಅನ್ನುವ ವಿಜ್ಞಾನಿ, 1852ರಲ್ಲಿ. ಕಾಗುಣಿತದಲ್ಲಿ ಅಲ್ಲೊಂದು ‘ಯು’ ಇದೆ, ಅದನ್ನು ಬಿಟ್ಟರೆ ಲೈಟು ಹೂವಾಗುತ್ತೆ. ಹೊಟ್ಟೆ ಉಬ್ಬರಕ್ಕೆ ನೀರಿಗೆ ಹಾಕುವ ಪುಡಿ ಬುಸ್ಸೆಂದು ನೊರೆ ಉಕ್ಕಿಸುತ್ತಲ್ಲ, ಅದು ಎಫರ್ವೆಸೆನ್ಸ್, ಕುದಿಯುವುದು ಅನ್ನುವ ಬೇರಿನದು. ಪರೀಕ್ಷೆಯಲ್ಲಿ ಎಫ್ಲೊರೆಸೆನ್ಸ್, ಎಫರ್ವೆಸೆನ್ಸ್ ಎರಡನ್ನು ಅದಲುಬದಲು ಮಾಡುವ ಮಕ್ಕಳು ಪ್ರತಿ ವರ್ಷ ಸಿಗುತ್ತಾರೆ. ಇನ್‌ಫ್ಲೊರೆಸೆನ್ಸ್ ಬೇರೆಯೇ. ಒಂದು ತೊಟ್ಟಿನ ಮೇಲೆ ಹೂಗಳು ಜೋಡಿಸಿಕೊಂಡ ರೀತಿ, ಪಠ್ಯಪುಸ್ತಕದ ಪುಷ್ಪಮಂಜರಿ. ಸೇವಂತಿಗೆ ಒಂದು ಹೂವಿನಂತೆ ಕಂಡರೂ ನೂರಾರು ಪುಟ್ಟ ಹೂಗಳ ಗುಂಪು. ಹೂಕೋಸು ಅರಳುವ ಮೊದಲೇ ಪಲ್ಯವಾದ ಗೊಂಚಲು.

ರಸಾಯನದ ಅರ್ಥ ಮಗಳಿಗೆ ಬೇಗ ಬೇಕಾಗುತ್ತೆ, ಅದನ್ನೂ ಹೇಳಿಬಿಡುತ್ತೇನೆ. ವಾಷಿಂಗ್ ಸೋಡಾದ ಹರಳನ್ನು ತಟ್ಟೆಯಲ್ಲಿ ತೆರೆದಿಡಿ. ಗಾಜಿನಂತೆ ಹೊಳೆಯುತ್ತಿದ್ದದ್ದು ಕೆಲವು ದಿನಕ್ಕೆ ಮಂಕಾಗಿ ಬಿಳಿ ಪುಡಿಯಾಗುತ್ತೆ. ಹರಳಿನೊಳಗೆ ಸೇರಿದ್ದ ನೀರು ಗಾಳಿಗೆ ಹೋಯಿತು, ಅದು ಎಫ್ಲೊರೆಸೆನ್ಸ್. ಇದರ ಎದುರು ಡೆಲಿಕ್ವೆಸೆನ್ಸ್, ಗಾಳಿಯ ತೇವ ಹೀರಿ ಕರಗುವುದು. ಮಳೆಗಾಲದಲ್ಲಿ ಕಲ್ಲುಪ್ಪಿನ ಜಾಡಿ ಒದ್ದೆಯಾಗುತ್ತಲ್ಲ, ಅದರೊಳಗೆ ಬೆರೆತ ಮೆಗ್ನೀಸಿಯಂ ಕ್ಲೋರೈಡು ಮಾಡುವ ಕೆಲಸ ಅದು.

ಈಗ ಮಗಳ ಮುಂದೆ ಮೂರು ದಾರಿ. ‘ದಿ ಟ್ರೀಸ್ ಆನ್ ಅವರ್ ರೋಡ್ ಆರ್ ಇನ್ ಬ್ಲೂಮ್’ ಅಂತ ಬರೆದರೆ ಯಾರೂ ಕೆಂಪು ಸುತ್ತು ಹಾಕುವುದಿಲ್ಲ. ಆದರೆ ಎಲ್ಲರೂ ಬರೆಯುವ ವಾಕ್ಯ ಅದು. ಎಫ್ಲೊರೆಸೆನ್ಸ್ ಬಿಡಲಾರೆ ಅಂದರೆ ‘ಆನ್’ ತೆಗೆದು ‘ದಿ ಎಫ್ಲೊರೆಸೆನ್ಸ್ ಆಫ್ ದಿ ಟಬೆಬುಯಾಸ್’ ಅನ್ನಬಹುದು. ಸರಿಯಿದೆ, ಆದರೆ ಓದುವವರಿಗೆ ಮರಕ್ಕಿಂತ ಮೊದಲು ಪದ ಕಾಣುತ್ತೆ. ನನ್ನ ಮನಸ್ಸು ಮೂರನೆಯದರ ಕಡೆ. ಫೆಬ್ರುವರಿ-ಮಾರ್ಚ್‌ನಲ್ಲಿ ಆ ಮರದ ಎಲೆಯೆಲ್ಲ ಉದುರಿ ಬರೀ ಹೂ ನಿಂತಿರುತ್ತೆ, ಕೆಳಗೆ ನಿಲ್ಲಿಸಿದ ಸ್ಕೂಟರಿನ ಸೀಟ್ ಮೇಲೂ ಹೂ ಬಿದ್ದಿರುತ್ತೆ. ಅದನ್ನು ಬರೆಯಲಿ. ‘ಫ್ಲವರ್ಸ್’ ಅನ್ನುವ ಸಾದಾ ಪದ ಸಾಕು. ಎಫ್ಲೊರೆಸೆನ್ಸ್ ಪದವನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ, ಪಕ್ಕದಲ್ಲಿ ಬಾಲ್ಕನಿ ಗೋಡೆಯ ಚಿತ್ರ ಬರೆದು ಇಟ್ಟುಕೊಳ್ಳಲಿ. ಇನ್ನು ಮರೆಯುವುದಿಲ್ಲ.

ನೀವು ಮಾತ್ರ ಅಡ್ವಾನ್ಸ್ ಕೊಡುವ ಮೊದಲು ಆ ಎಂಜಿನಿಯರ್‌ಗೆ ಒಂದು ಫೋನ್ ಮಾಡಿ. ಆ ಐದು ದರ್ಜೆ ಇರುವುದು ಬಿಡಿ ಇಟ್ಟಿಗೆಯ ಪರೀಕ್ಷೆಗೆ, ಕಟ್ಟಿದ ಗೋಡೆಗಲ್ಲ. ಆದರೂ ‘ಸರ್, ಸ್ಲೈಟಾ, ಹೆವಿನಾ? ಪ್ಲಾಸ್ಟರ್ ಉದುರುತ್ತಿದೆಯಾ?’ ಅಂದರೆ ನೀವು ಏನು ಕೇಳುತ್ತಿದ್ದೀರಿ ಅಂತ ಅವರಿಗೆ ತಕ್ಷಣ ಗೊತ್ತಾಗುತ್ತೆ. ಆಮೇಲೆ ನೀರು ಮೇಲಿನ ಮನೆಯ ಬಾಲ್ಕನಿಯಿಂದ ಇಳಿಯುತ್ತಿದೆಯಾ, ಹೊರಗಿನ ಗೋಡೆಯ ಬಿರುಕಿನಿಂದಲಾ ಅಂತ ಕೇಳಿ. ಮೇಲಿನ ಮನೆಯಿಂದ ಅಂದರೆ, ಅಲ್ಲಿರುವವರನ್ನು ಒಮ್ಮೆ ಮಾತಾಡಿಸಿ ನೋಡದೆ ಸಹಿ ಹಾಕಬೇಡಿ.